ಗೋಡೆಗೆ ಹಚ್ಚಿದ ಹಾಳೆ

ಸಂಕ್ರಾಂತಿಯ ಮುಂಜಾನೆ ನಮ್ಮ ಹೈದರಾಬಾದಿನ ಓಣಿಗಳಲ್ಲಿ ಹೆಂಗಳೆಯರು ಒಬ್ಬರ ಅಂಗಳದಿಂದ ಮತ್ತೊಬ್ಬರ ಅಂಗಳಕ್ಕೆ ರಂಗೋಲಿ ನೋಡುತ್ತ ಹೋಗುವುದು ವಾಚಕರಿಗೆ ಹೊಸ ಸಂಗತಿಯೇನಲ್ಲ. ತೆಲುಗರು ಅದನ್ನು ಮುಗ್ಗು ಎನ್ನುತ್ತಾರೆ, ನಾವು ರಂಗೋಲಿ ಎನ್ನುತ್ತೇವೆ. ಚುಕ್ಕಿ ಎರಡಕ್ಕೂ ಒಂದೇ. ಹೀಗೆ ನೋಡಬಂದವರಲ್ಲಿ ಎರಡು ಬಗೆ. "ಬಹಳ ಚೆನ್ನಾಗಿದೆ" ಎಂದು ನುಡಿದು ಮುಂದಿನ ಬಾಗಿಲಿಗೆ ನಡೆಯುವವರು ಒಂದು ಬಗೆ. ಇವರ ಸಂಖ್ಯೆಯೇ ಹೆಚ್ಚು. ಇನ್ನೊಂದು ಬಗೆಯವರು ನಿಂತುಬಿಡುತ್ತಾರೆ. ಸೊಂಟದ ಮೇಲೆ ಕೈಯಿಟ್ಟು, ತಲೆಯನ್ನು ಓರೆ ಮಾಡಿ, "ಎಷ್ಟು ಚುಕ್ಕಿ ಇಟ್ಟಿರಿ? ಹದಿನೈದರಿಂದ ಎಂಟೋ? ನೇರ ಚುಕ್ಕಿಯೋ, ಸಂದು ಚುಕ್ಕಿಯೋ?" ಎಂದು ಕೇಳುತ್ತಾರೆ. "ಈ ಮೂಲೆಯಲ್ಲಿ ಎಳೆ ಹೊರಳಿಲ್ಲವಲ್ಲ" ಎಂದೂ ಹೇಳಿಯಾರು. ಮನೆಯಾಕೆಗೆ ಆ ಕ್ಷಣ ಮುಖ ಸಣ್ಣದಾದರೂ, ಮರುದಿನದ ರಂಗೋಲಿಯಲ್ಲಿ ಆ ಮೂಲೆ ಸರಿಯಾಗಿರುತ್ತದೆ. ಕೇಳಿದವಳು ಸಹ ಬರಿಗೈಯಲ್ಲಿ ಹೋಗುವುದಿಲ್ಲ. ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುತ್ತಾಳೆ.

ಪ್ರಾಥಮಿಕ ಶಾಲೆಯ ತರಗತಿಗಳಲ್ಲಿ ಈಗ ನಡೆಸುವ ಒಂದು ಪದ್ಧತಿಗೆ ಇಂಗ್ಲಿಷಿನವರು 'ಗ್ಯಾಲರಿ ವಾಕ್' ಎಂದು ಹೆಸರಿಟ್ಟಿದ್ದಾರೆ. ಮಕ್ಕಳು ತಾವು ಬರೆದದ್ದನ್ನೋ ಬಿಡಿಸಿದ್ದನ್ನೋ ಗೋಡೆಗೆ ಹಚ್ಚುತ್ತಾರೆ. ಓರಗೆಯವರು ಸುತ್ತಿ ನೋಡಿ, ಪ್ರತಿಯೊಂದರ ಕೆಳಗೆ ತಮ್ಮ ಮಾತನ್ನು ಚೀಟಿಯಲ್ಲಿ ಬರೆದಿಡುತ್ತಾರೆ. ಬರೆದ ಮಗು ಆ ಚೀಟಿಗಳನ್ನು ಓದಿ ತನ್ನ ಹಾಳೆಯನ್ನು ತಿದ್ದಿಕೊಳ್ಳುತ್ತದೆ. ಇಷ್ಟೆ. ಗ್ಯಾಲರಿ ಎಂದೊಡನೆ ಈ ಊರಿನವರಾದ ನಮಗೆ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ನೆನಪಾಗುವುದು ಸಹಜ. ಆದರೆ ಅಲ್ಲಿನ ಮುಸುಕಿನ ರೆಬೆಕ್ಕಾಳ ಮುಂದೆ ನಿಂತು ನಾವು ಏನು ಹೇಳಿದರೂ, ಅದನ್ನು ಕಡೆದ ಬೆಂಜೋನಿ ಮತ್ತೆ ಉಳಿ ಹಿಡಿಯುವಂತಿಲ್ಲ. ಶಾಲೆಯ ಗೋಡೆಯ ಮುಂದೆ ಹಾಗಲ್ಲ. ಇಲ್ಲಿ ಕೆಲಸ ಮುಗಿದಿಲ್ಲ, ಕೆಲಸಗಾರನೂ ಪಕ್ಕದಲ್ಲೇ ನಿಂತಿದ್ದಾನೆ. ಆದ್ದರಿಂದ ನನಗೆ ಈ ಪದ್ಧತಿ ವಸ್ತುಸಂಗ್ರಹಾಲಯಕ್ಕಿಂತ ರಂಗೋಲಿಯ ಬೀದಿಗೇ ಹತ್ತಿರವೆನ್ನಿಸುತ್ತದೆ. ನಾವು ಮನೆಯಲ್ಲಿ 'ಗೋಡೆ ಸುತ್ತು' ಎನ್ನುತ್ತೇವೆ; ಹೆಸರು ಹಿಡಿಸದವರು ಬೇರೆ ಇಟ್ಟುಕೊಳ್ಳಬಹುದು.

ಗೋಡೆಯನ್ನು ಮಕ್ಕಳಿಗೆ ಬಿಟ್ಟುಕೊಡುವುದು ಕನ್ನಡ ಶಾಲೆಗಳಿಗೆ ಪರದೇಶದಿಂದ ಬಂದ ವಿಚಾರವೇನಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ-ಕಲಿ' ಆರಂಭವಾಯಿತು. ಅಲ್ಲಿಯ ಉಪಾಧ್ಯಾಯರು ಮದನಪಲ್ಲೆಯ ಬಳಿಯ ಋಷಿವ್ಯಾಲಿಗೆ ಹೋಗಿ, ಆ ಸಂಸ್ಥೆ ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ಕಂಡು ಬಂದು, ತಮ್ಮ ನೆಲಕ್ಕೆ ಒಗ್ಗುವಂತೆ ಅದನ್ನು ಮಾರ್ಪಡಿಸಿಕೊಂಡರು. ೨೦೦೯-೧೦ರಲ್ಲಿ ಅದು ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವಿಸ್ತರಿಸಿತು. ನಲಿ-ಕಲಿ ಕೋಣೆಯನ್ನು ಕಂಡವರಿಗೆ ಮೊದಲು ಕಣ್ಣಿಗೆ ಬೀಳುವುದು ಎರಡು. ಒಂದು, ಗೋಡೆಯ ಬುಡದಲ್ಲೇ, ನೆಲಕ್ಕೆ ಕುಳಿತ ಮಗುವಿನ ಕೈಗೆಟಕುವ ಎತ್ತರದಲ್ಲಿ, ಬಳಿದ ಕಪ್ಪು ಹಲಗೆ. ಇನ್ನೊಂದು, ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ದಾರಗಳ ಚಪ್ಪರ. ಅದರಿಂದ ಮಕ್ಕಳ ಚಿತ್ರ, ಬರಹಗಳು ಮದುವೆಯ ಮನೆಯ ಮಾವಿನೆಲೆಗಳಂತೆ ತೂಗುತ್ತಿರುತ್ತವೆ. ಗುಂಪುಗಳನ್ನು ಅವರು 'ತಟ್ಟೆ' ಎನ್ನುತ್ತಾರೆ. ಒಂದು ತಟ್ಟೆಗೆ ಉಪಾಧ್ಯಾಯರ ನೆರವು, ಮತ್ತೊಂದಕ್ಕೆ ಸಹಪಾಠಿಗಳದೇ ನೆರವು. ಮಗುವಿಗೆ ಮಗುವೂ ಗುರುವಾಗಬಲ್ಲದು ಎಂಬುದನ್ನು ಪಾಠದ ಏರ್ಪಾಡಿನೊಳಗೇ ಸೇರಿಸಿದ್ದು ದೊಡ್ಡ ಮಾತು. ತೂಗಹಾಕಿದ ಹಾಳೆ ಬಹುಮಟ್ಟಿಗೆ ಅಲಂಕಾರವಾಗಿಯೇ ಉಳಿಯುವುದುಂಟು ಎಂಬ ದೂರಿನಲ್ಲೂ ಸತ್ಯವಿಲ್ಲದಿಲ್ಲ. ಗೋಡೆ ಸುತ್ತು ಆ ಹಾಳೆಗೆ ಓದುಗರನ್ನು ಒದಗಿಸುತ್ತದೆ.

ಓದುಗರು! ಹೊರನಾಡಿನ ಕನ್ನಡ ಮಕ್ಕಳ ವಿಚಾರದಲ್ಲಿ ನಾವು ಪುಸ್ತಕವನ್ನು ಕುರಿತು ಬಹಳ ಆಡುತ್ತೇವೆ, ಓದುಗರನ್ನು ಕುರಿತು ಆಡುವುದಿಲ್ಲ. ಬೀದರ, ಕಲಬುರ್ಗಿ, ರಾಯಚೂರುಗಳು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು; ಕಛೇರಿ, ಕೋರ್ಟು, ವ್ಯಾಪಾರಗಳಿಗೆಂದು ಅಲ್ಲಿಂದ ಇಲ್ಲಿಗೆ ಬಂದು ನೆಲೆಸಿದ ಮನೆತನಗಳು ಎಷ್ಟೋ. ಬೆಂಗಳೂರು ಮೈಸೂರುಗಳ ಕಡೆಯಿಂದ ಕಂಪ್ಯೂಟರ್ ಕೆಲಸಕ್ಕೆಂದು ಈಚೆಗೆ ಬಂದವರು ಬೇರೆ. ಇಂಥ ಮನೆಯ ಮಗು ಇಂಗ್ಲಿಷಿನಲ್ಲಿ ಬರೆದರೆ ಓದಲು ಇಡೀ ಶಾಲೆಯಿದೆ. ೨೦೧೮ರ ಕಾಯಿದೆಯಿಂದ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯವಾದ್ದರಿಂದ ತೆಲುಗಿನಲ್ಲಿ ಬರೆದದ್ದಕ್ಕೂ ಓದುಗರುಂಟು. ಹಿಂದಿಯೂ ಉಂಟು. ಇವೆಲ್ಲ ಮುಗಿದ ಮೇಲೆ, ನಾಲ್ಕನೆಯದಾಗಿ, ಭಾನುವಾರದ ದಿನ ನಾಲ್ಕು ಸಾಲು ಕನ್ನಡ ಬರೆದರೆ ಅದನ್ನು ಓದುವವರು ಯಾರು? ತಾಯಿ, ಬಿಡುವಿದ್ದರೆ ತಂದೆ, ಊರಿಂದ ಬಂದರೆ ಅಜ್ಜ. ಮೂವರೂ ಪ್ರೀತಿಯಿಂದ ತಪ್ಪು ಹುಡುಕುವವರೇ. ತನ್ನ ವಯಸ್ಸಿನ ಇನ್ನೊಂದು ಮಗು ತನ್ನ ಕನ್ನಡವನ್ನು ಓದಿ, ಅದರಲ್ಲಿ ಹೇಳಿದ ಸಂಗತಿಯನ್ನು ತಿಳಿದುಕೊಳ್ಳುವುದನ್ನು ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಒಮ್ಮೆಯೂ ಕಂಡಿಲ್ಲ. ಓದುವವರಿಲ್ಲದ ಬರಹವನ್ನು ದೊಡ್ಡವರೇ ಮುಂದುವರಿಸುವುದಿಲ್ಲ. ಎಂಟು ವರ್ಷದ ಮಗು ಏಕೆ ಮುಂದುವರಿಸೀತು?

ನಮ್ಮ ಬಡಾವಣೆಯ ಭಾನುವಾರದ ಕನ್ನಡ ಪಾಠದಲ್ಲಿ ಈ ಪದ್ಧತಿಯನ್ನು ನಡೆಸಿದವರು ನಿವೃತ್ತ ಉಪಾಧ್ಯಾಯಿನಿಯೊಬ್ಬರು. ರಾಯಚೂರಿನ ಕಡೆಯವರಾದ್ದರಿಂದ ಮಕ್ಕಳೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಹದಿನಾಲ್ಕು ಮಕ್ಕಳು, ಏಳರಿಂದ ಹನ್ನೊಂದರ ವಯಸ್ಸು. ದಸರೆಯ ರಜೆಯಲ್ಲಿ ಕಂಡದ್ದನ್ನು ಬರೆಯಿರೆಂದು ಹೇಳಿ, ಹಾಳೆಗಳನ್ನು ಗೋಡೆಗೆ ಹಚ್ಚಿಸಿದರು. ಹಾಳೆಗಳಲ್ಲಿ ಊರೂರಿನ ಸೊಗಡೆಲ್ಲ ಇತ್ತು. ಕನ್ನಡದ ತಲೆಕಟ್ಟಿನ ಬದಲು ತೆಲುಗಿನ ತಲಕಟ್ಟನ್ನು ಗರಿಯಂತೆ ಚುಚ್ಚಿದ ಅಕ್ಷರಗಳೂ ಇದ್ದವು. ಒಬ್ಬ ಹುಡುಗ, "ದಸರೆಯ ದಿನ ಅಜ್ಜಿ ಅಕ್ಕಿ ತೋರಿಸಿದಳು. ಅಕ್ಕಿ ಮರದಿಂದ ಹಾರಿತು" ಎಂದು ಬರೆದಿದ್ದ. ಹಕಾರ ಬಿಟ್ಟುಹೋದರೆ ಹಕ್ಕಿ ಅಕ್ಕಿಯಾಗುವುದು ನಮ್ಮ ನುಡಿಯ ಹಳೆಯ ಕೀಟಲೆ. ಮೊದಲ ಮಗು ನಕ್ಕಿತು, ಎರಡನೆಯದು ಕೂಗಿ ಓದಿತು, ಮೂರನೆಯದು "ಬೇಯಿಸಿದ್ದೋ ಹಸಿಯೋ" ಎಂದಿತು. ಹುಡುಗ ಹಾಳೆಯನ್ನು ಕಿತ್ತು ಮಡಿಚಿ ಜೇಬಿಗಿಟ್ಟುಕೊಂಡ.

ಈ ಪದ್ಧತಿಯ ಅಪಾಯ ಇಲ್ಲಿಯೇ ಇದೆ. ಅಂಕದ ಪುಸ್ತಕದೊಳಗಿನ ತಪ್ಪನ್ನು ಉಪಾಧ್ಯಾಯರೊಬ್ಬರೇ ಕಾಣುತ್ತಾರೆ. ಗೋಡೆಯ ಮೇಲಿನದನ್ನು ಹದಿಮೂರು ಮಂದಿ ಕಾಣುತ್ತಾರೆ. ನೋಡುವುದನ್ನು ಕಲಿಸದೆ ಗೋಡೆಗೆ ಹಚ್ಚಿದರೆ ಅದು ಪಾಠವಾಗುವುದಿಲ್ಲ, ಪಂಚಾಯಿತಿಕಟ್ಟೆಯಾಗುತ್ತದೆ.

ಅಕ್ಕೋರು ಗದರಲಿಲ್ಲ. "ನಗೂದು ಆಮ್ಯಾಲ ನಗೂಣು. ಮೊದಲ ಹೇಳ್ರೆಪಾ, ಅದು ಯಾವ ಬಣ್ಣದ್ದಿತ್ತು ಅಂತ ನಿಮಗ ಗೊತ್ತಾತೇನು?" ಎಂದರು. ಯಾರಿಗೂ ಗೊತ್ತಾಗಿರಲಿಲ್ಲ. ಮುಂದಿನ ಭಾನುವಾರ ಅವರು ಮೊದಲು ತಮ್ಮದೇ ಒಂದು ಹಾಳೆಯನ್ನು ಹಚ್ಚಿದರು. ತಮ್ಮ ಬಾಲ್ಯದ ಜಾತ್ರೆಯನ್ನು ಕುರಿತು ಬರೆದು, ಬೇಕೆಂದೇ ಎರಡು ಕಾಗುಣಿತ ಕೆಡಿಸಿ, ತೇರಿನ ಸಂಗತಿಯನ್ನು ಅರ್ಧಕ್ಕೇ ಬಿಟ್ಟಿದ್ದರು. ಅದರ ಮೇಲೆ ಮಕ್ಕಳಿಂದ ಮಾತಾಡಿಸಿ, ಯಾವ ಮಾತಿನಿಂದ ತಮಗೆ ಪ್ರಯೋಜನವಾಯಿತು, ಯಾವುದರಿಂದ ಆಗಲಿಲ್ಲ ಎಂದು ತೋರಿಸಿಕೊಟ್ಟರು. ಆಮೇಲೆ ಕಪ್ಪು ಹಲಗೆಯ ಮೇಲೆ ಮೂರು ಮೊದಲುಗಳನ್ನು ಬರೆದರು: "ನನಗೆ ಹಿಡಿಸಿದ್ದು", "ನನಗೆ ತಿಳಿಯದೆ ಹೋದದ್ದು", "ನನಗೆ ಇನ್ನೂ ಬೇಕಾದದ್ದು". ಚೀಟಿಯಲ್ಲಿ ಈ ಮೂರರಲ್ಲಿ ಒಂದರಿಂದಲೇ ಆರಂಭಿಸಬೇಕು. ಬರಿಯ "ಚೆನ್ನಾಗಿದೆ" ಬರೆಯಕೂಡದು.

ಇದನ್ನು ಓದಿ ನಮ್ಮ ಕಛೇರಿಯ ಮಿತ್ರರು ನಗದಿರಲಾರರು. ಗುಮಾಸ್ತನಾದ ನನ್ನ ಮೇಜಿನ ಮೇಲಿನಿಂದ ಹೊರಟ ಕಡತವೊಂದು ಐದು ಮೇಜುಗಳನ್ನು ಸುತ್ತಿ, ಐದೂ ಕಡೆ "ನೋಡಿದೆ" ಎಂಬ ಒಕ್ಕಣೆಯನ್ನೂ ಐದು ರುಜುಗಳನ್ನೂ ಹೊತ್ತು, ಹೋದ ಹಾಗೆಯೇ ಹಿಂದಿರುಗುವುದುಂಟು. "ಚೆನ್ನಾಗಿದೆ" ಎಂಬುದು ಮಕ್ಕಳ "ನೋಡಿದೆ".

ಅಕ್ಕಿಯ ಹುಡುಗ ಜೇಬಿನಲ್ಲಿದ್ದ ಹಾಳೆಯನ್ನು ಮತ್ತೆ ಹಚ್ಚಿದ. ಈ ಸಲ ಅವನಿಗೆ ನಾಲ್ಕು ಚೀಟಿ ಬಂದವು. "ಬಣ್ಣ ಏನು?" "ಅಜ್ಜಿ ಯಾಕೆ ತೋರಿಸಿದರು?" "ಮೊದಲಿಗೆ ಹ ಬೇಕಲ್ಲವೇ?" ನಾಲ್ಕನೆಯದು ಚಿಕ್ಕ ಹುಡುಗಿಯೊಬ್ಬಳದು: "ಅದರ ಹೆಸರೇನು?" ಪಾಲಪಿಟ್ಟ ಎಂದ ಹುಡುಗ. ದಸರೆಯ ದಿನ ಪಾಲಪಿಟ್ಟವನ್ನು ಕಂಡರೆ ಶುಭವೆಂಬುದು ತೆಲಂಗಾಣದ ನಂಬಿಕೆ. ಅವನ ಅಜ್ಜಿ ಈ ಊರಿಗೆ ಬಂದ ಮೇಲೆ ಅದನ್ನು ತಮ್ಮದಾಗಿಸಿಕೊಂಡಿದ್ದರು. "ಕನ್ನಡದಲ್ಲಿ ಏನನ್ನುತ್ತಾರೆ?" ಎಂದು ಆ ಹುಡುಗಿ ಬಿಡಲಿಲ್ಲ. ಹುಡುಗನಿಗೂ ತಿಳಿಯದು, ಮನೆಯಲ್ಲಿ ತಂದೆಗೂ ತಿಳಿಯದು. ವಾರವಿಡೀ ಕೇಳಾಡಿ, ಅದು ನೀಲಕಂಠವೆಂದೂ, ತೆಲಂಗಾಣ ಕರ್ನಾಟಕಗಳೆರಡರ ರಾಜ್ಯಪಕ್ಷಿಯೂ ಅದೊಂದೇ ಎಂದೂ ತಿಳಿದುಕೊಂಡು ಬಂದ. ಹೊಸ ಹಾಳೆಯಲ್ಲಿ ಹಕಾರವೂ ಇತ್ತು. ಕಂದು ಎದೆ, ಹಾರಿದಾಗ ಮಾತ್ರ ಬಿಚ್ಚಿ ತೋರುವ ನೀಲಿ ರೆಕ್ಕೆ, ಎಲ್ಲವೂ ಇತ್ತು. ಎರಡು ಸಾಲು ಹತ್ತು ಸಾಲಾಗಿತ್ತು. ಆ ಹಕಾರವನ್ನು ಯಾರಾದರೂ ಕೆಂಪು ಶಾಯಿಯಲ್ಲಿ ತಿದ್ದಬಹುದಿತ್ತು; ಉಳಿದ ಎಂಟು ಸಾಲು ಹುಟ್ಟಿದ್ದು ಆ ಪುಟ್ಟ ಹುಡುಗಿಗೆ ನಿಜವಾಗಿಯೂ ತಿಳಿಯಬೇಕಾಗಿದ್ದುದರಿಂದ.

ಇನ್ನೊಂದು ಹಾಳೆಯ ವಿಚಾರವನ್ನು ನಾನು ಬಿಡುವ ಹಾಗಿಲ್ಲ, ಏಕೆಂದರೆ ಅದು ನಮ್ಮ ಸಂಘದ ಮನೆಮನೆಗಳಿಗೂ ಸೇರಿದ್ದು. ಬೀದರದ ಕಡೆಯ ಹುಡುಗಿಯೊಬ್ಬಳು "ನಮ್ಮವ್ವ ಹೋಳಿಗಿ ಮಾಡಿದಳು" ಎಂದು ಬರೆದಿದ್ದಳು. ಮೈಸೂರಿನ ಕಡೆಯ ಹುಡುಗನೊಬ್ಬ ಬಹಳ ಸದುದ್ದೇಶದಿಂದಲೇ 'ಅವ್ವ'ವನ್ನು ಹೊಡೆದುಹಾಕಿ 'ಅಮ್ಮ' ಎಂದೂ, 'ಹೋಳಿಗಿ'ಯನ್ನು 'ಒಬ್ಬಟ್ಟು' ಎಂದೂ ಸೀಸದಕಡ್ಡಿಯಲ್ಲಿ ತಿದ್ದಿದ. ಹುಡುಗಿ ಏನೂ ಆಡಲಿಲ್ಲ. ಮುಂದಿನ ಹಾಳೆಯಲ್ಲಿ ಅವಳು ಮನೆಯ ಸುದ್ದಿಯನ್ನೇ ತೆಗೆಯದೆ, ಪಠ್ಯಪುಸ್ತಕದಿಂದ ನಾಲ್ಕು ಸಾಲು ನಕಲು ಮಾಡಿ ತಂದಳು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಅಕ್ಕೋರು ಇದನ್ನು ಕಂಡರು. ಅಂದು ಪಾಠವನ್ನೇ ಬದಲಿಸಿ, ಗೋಡೆಗೆ ಒಂದು ದೊಡ್ಡ ಹಾಳೆ ಹಚ್ಚಿ, ತಾಯಿಯನ್ನು ನಿಮ್ಮ ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತೀರಿ, ಬರೆಯಿರಿ ಎಂದರು. ಅಮ್ಮ ಬಂತು, ಅವ್ವ ಬಂತು, ಹವ್ಯಕರ ಮನೆಯಿಂದ ಆಯಿ ಬಂತು, ಕರಾವಳಿಯ ತುಳುವರ ಮನೆಯಿಂದ ಅಪ್ಪೆ ಬಂತು. ಮಮ್ಮಿಯೂ ಬಂತೆನ್ನಿ, ಅದನ್ನೂ ಅವರು ಅಳಿಸಲಿಲ್ಲ. ಅಂದಿನಿಂದ ಒಂದು ಕಟ್ಟಳೆಯಾಯಿತು: ಇನ್ನೊಬ್ಬರ ಹಾಳೆಯ ಮೇಲೆ ಯಾರೂ ಸೀಸದಕಡ್ಡಿ ಆಡಿಸಕೂಡದು. ಸಂಶಯ ಬಂದ ಶಬ್ದದ ಪಕ್ಕದಲ್ಲಿ ಚೀಟಿಯ ಮೇಲೊಂದು ಪ್ರಶ್ನೆಯ ಗುರುತು ಇಡಬಹುದು, ಅಷ್ಟೆ. ಬರೆದವರು ಅದನ್ನು ಕೇಳಿ, ನೋಡಿ, ಬೇಕಾದರೆ ತಿದ್ದಿಕೊಳ್ಳಲಿ. ನನ್ನ ಅಭಿಮತವನ್ನು ಕೇಳಿದರೆ, ಈ ಒಂದು ಕಟ್ಟಳೆಯಿಲ್ಲದೆ ಹೊರನಾಡಿನ ಕನ್ನಡ ತರಗತಿಯಲ್ಲಿ ಗೋಡೆ ಸುತ್ತನ್ನು ನಡೆಸಲೇಕೂಡದು. ಹುಬ್ಬಳ್ಳಿಯ ಮಾತನ್ನು ಮಂಡ್ಯದ ಮಾತಿನಿಂದ ಅಳೆಯುವ ಚಟ ದೊಡ್ಡವರಾದ ನಮಗೇ ಹೋಗಿಲ್ಲ. ಮಕ್ಕಳ ಕೈಗೆ ಅದನ್ನು ಅಧಿಕಾರವಾಗಿ ಕೊಟ್ಟರೆ, ಮನೆಯ ಕನ್ನಡ ನಾಚಿಕೊಂಡು ಒಳಗೇ ಉಳಿದೀತು.

ಮಕ್ಕಳ ತಿದ್ದುಪಡಿಯನ್ನು ಹಾಗೆಯೇ ನಂಬಲಾಗದೆಂಬುದನ್ನು ಬಲ್ಲವರೂ ಹೇಳಿದ್ದಾರೆ. ನ್ಯೂಜಿಲೆಂಡಿನ ಗ್ರಹಾಂ ನಟ್‌ಹಾಲ್ ಎಂಬ ವಿದ್ವಾಂಸರು ತರಗತಿಯ ಮಕ್ಕಳ ಮೈಮೇಲೆ ಸಣ್ಣ ಧ್ವನಿಗ್ರಾಹಕಗಳನ್ನು ಕಟ್ಟಿ ಅವರ ಮಾತುಕತೆಯನ್ನು ವರ್ಷಗಟ್ಟಲೆ ಕೇಳಿದರು. ಅವರು ತೀರಿಕೊಂಡ ಮೇಲೆ, ೨೦೦೭ರಲ್ಲಿ, ಪ್ರಕಟವಾದ ಪುಸ್ತಕದಲ್ಲಿ ಇದರ ಸಾರವಿದೆ: ತನ್ನ ಕೆಲಸದ ಬಗ್ಗೆ ಮಗುವಿಗೆ ಸಿಕ್ಕುವ ಮಾತಿನಲ್ಲಿ ಬಹುಪಾಲು ಇತರ ಮಕ್ಕಳಿಂದಲೇ ಬರುತ್ತದೆ, ಅದರಲ್ಲಿ ಬಹುಪಾಲು ತಪ್ಪಾಗಿಯೂ ಇರುತ್ತದೆ. ಹಾಗಾದರೆ ಗೋಡೆ ಸುತ್ತು ಬೇಡವೆನ್ನೋಣವೇ? ನನಗೆ ಹಾಗೆ ತೋರುವುದಿಲ್ಲ. ನಾವು ಬೇಡವೆಂದರೂ ಮಕ್ಕಳು ಬೆಂಚಿನ ಕೆಳಗೆ ಹೇಳಿಕೊಳ್ಳುತ್ತಲೇ ಇರುತ್ತಾರೆ. ಅದೇ ಮಾತು ಚೀಟಿಯ ಮೇಲೆ ಬಂದರೆ ಉಪಾಧ್ಯಾಯರ ಕಣ್ಣಿಗೆ ಬೀಳುತ್ತದೆ, ತಪ್ಪಿದ್ದರೆ ಅಲ್ಲಿಗೇ ನಿಲ್ಲುತ್ತದೆ.

ಕಲಿಸಿದರೆ ಚಿಕ್ಕ ಮಕ್ಕಳೂ ಎಷ್ಟು ಚೊಕ್ಕಟವಾಗಿ ಹೇಳಬಲ್ಲರೆಂಬುದಕ್ಕೆ ಅಮೆರಿಕದ ಆಸ್ಟಿನ್ನನ ಚಿಟ್ಟೆಯ ಕಥೆಯನ್ನು ಉಪಾಧ್ಯಾಯ ವರ್ಗದವರು ಕೇಳಿರಬಹುದು. ಐಡಾಹೋ ಪ್ರಾಂತದ ಬಾಯ್ಸಿ ನಗರದ ಒಂದನೆಯ ತರಗತಿಯ ಈ ಹುಡುಗ ಚಿಟ್ಟೆಯೊಂದರ ಚಿತ್ರಪಟ ನೋಡಿ ಅದನ್ನು ಬಿಡಿಸಿದ. ಮೊದಲನೆಯದು ಎಲ್ಲ ಮಕ್ಕಳೂ ಬಿಡಿಸುವಂಥ ಚಿಟ್ಟೆ. ಸಹಪಾಠಿಗಳು ಮೊದಲು ರೆಕ್ಕೆಯ ಆಕಾರವನ್ನಷ್ಟೇ ಕುರಿತು, ಅದು ಸರಿಹೋದ ಮೇಲೆ ಒಳಗಿನ ಪಟ್ಟೆಗಳನ್ನು ಕುರಿತು ಸಲಹೆ ಕೊಟ್ಟರು. ಆರನೆಯ ಸಲಕ್ಕೆ ಅವನು ಬಿಡಿಸಿದ್ದನ್ನು ನೋಡಿದರೆ ದೊಡ್ಡವರ ಕೈಚಳಕವೆನ್ನಬೇಕು. ಈ ಕಥೆಯನ್ನು ಹರಡಿದ ರಾನ್ ಬರ್ಗರ್ ಎಂಬವರು ಉಪಾಧ್ಯಾಯರೂ ಹೌದು, ಬಡಗಿಯೂ ಹೌದು. ಮಾತು ಮೃದುವಾಗಿರಲಿ, ಖಚಿತವಾಗಿರಲಿ, ಉಪಯೋಗಕ್ಕೆ ಬರಲಿ ಎಂಬುದು ಅವರು ಮಕ್ಕಳಿಗೆ ಹಾಕಿಕೊಟ್ಟ ಗೆರೆ. ಬಡಗಿಯ ಮಾತು. ಬಾಗಿಲು ಮುಚ್ಚುವುದಿಲ್ಲ ಎಂದರೆ ಸಾಲದು, ಎಲ್ಲಿ ತಾಗುತ್ತದೆ ಎಂದು ಹೇಳಬೇಕು.

ಮೂರನೆಯ ಭಾನುವಾರ ನಮ್ಮ ಸಂಘದ ಹಿರಿಯರೊಬ್ಬರು ಬಂದು ನೋಡಿ ಸಂತೋಷಪಟ್ಟು, ಮೊದಲನೆಯ ಎರಡನೆಯ ಮೂರನೆಯ ಬಹುಮಾನಗಳನ್ನು ತಾವೇ ಕೊಡುವುದಾಗಿ ಹೇಳಿದರು. ಅಕ್ಕೋರು ಕೈಮುಗಿದು ಬೇಡವೆಂದರು. ಹಿರಿಯರಿಗೆ ಸ್ವಲ್ಪ ಬೇಸರವಾಯಿತು. ಬಹುಮಾನವಿಲ್ಲದ ಕಾರ್ಯಕ್ರಮವನ್ನು ನಮ್ಮಲ್ಲಿ ಯಾರು ಕಂಡಿದ್ದಾರೆ! ಆದರೆ ಅಕ್ಕೋರ ಪಕ್ಷಕ್ಕೆ ಸಾಕ್ಷ್ಯವಿದೆ. ೧೯೮೮ರಲ್ಲಿ ಇಸ್ರೇಲಿನ ರೂತ್ ಬಟ್ಲರ್ ಎಂಬಾಕೆ ಐದನೆಯ ಆರನೆಯ ತರಗತಿಗಳ ಮಕ್ಕಳಲ್ಲಿ ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಸಲಹೆಯ ಮಾತು ಮಾತ್ರ, ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದರು. ಮಾತು ಮಾತ್ರ ಪಡೆದವರ ಕೆಲಸ ಸುಧಾರಿಸಿತು. ಎರಡನ್ನೂ ಪಡೆದವರಿಗೆ ಆ ಫಲ ಕಾಣಲಿಲ್ಲ. ಅಂಕ ಕಂಡ ಮೇಲೆ ಮಾತನ್ನು ಓದುವ ತಾಳ್ಮೆ ಯಾರಿಗಿರುತ್ತದೆ? ಸಂಬಳದ ಚೀಟಿಯೂ ಮೇಲಧಿಕಾರಿಯ ಉಪದೇಶವೂ ಒಂದೇ ಲಕೋಟೆಯಲ್ಲಿ ಬಂದರೆ ನಾನು ಮೊದಲು ಯಾವುದನ್ನು ಬಿಡಿಸುವೆನೆಂದು ಹೇಳಬೇಕಾಗಿಲ್ಲ.

ನಡೆಸಬೇಕೆನ್ನುವವರಿಗೆ ಅಳತೆಯ ಒಂದೆರಡು ಮಾತು. ಹಾಳೆಗಳು ಮಕ್ಕಳ ಕಣ್ಣಿನ ಎತ್ತರಕ್ಕಿರಲಿ, ನಮ್ಮದಕ್ಕಲ್ಲ. ಒಂದರಿಂದ ಒಂದಕ್ಕೆ ಎರಡು ಮೊಳ ಅಂತರವಿದ್ದರೆ ನೂಕುನುಗ್ಗಲಾಗದು. ಒಂದು ಮಗು ನಾಲ್ಕು ಹಾಳೆಗಿಂತ ಹೆಚ್ಚು ನೋಡುವುದು ಬೇಡ. ಒಂದೊಂದಕ್ಕೂ ಮೂರು ನಿಮಿಷ, ಆಮೇಲೆ ಗಂಟೆ. ಎಲ್ಲರೂ ಜಾಣರ ಹಾಳೆಯ ಮುಂದೆಯೇ ಗುಂಪುಗೂಡದಂತೆ, ಯಾರು ಯಾವುದನ್ನು ನೋಡಬೇಕೆಂದು ಮೊದಲೇ ಗೊತ್ತುಮಾಡಬೇಕು. ಚೀಟಿಯೇ ಬೀಳದ ಹಾಳೆ ಮಗುವಿನ ಮನಸ್ಸಿನಲ್ಲಿ ಬಹಳ ದಿನ ಉಳಿಯುತ್ತದೆ. ಏಳು ವರ್ಷದವರಿಗೆ ಚೀಟಿ ಬರೆಯುವುದೇ ಭಾರ. ಅವರು ಬಾಯಲ್ಲಿ ಹೇಳಲಿ, ದೊಡ್ಡ ಮಗುವೊಂದು ಬರೆದುಕೊಡಲಿ. ಕೊನೆಗೆ ಹದಿನೈದು ನಿಮಿಷ ತಿದ್ದಿ ಬರೆಯುವುದಕ್ಕೆ. ಹೊತ್ತಾಯಿತೆಂದು ಎಲ್ಲರೂ ಕತ್ತರಿ ಹಾಕುವುದು ಈ ಹದಿನೈದು ನಿಮಿಷಕ್ಕೇ. ಅದು ಹೋದರೆ ಉಳಿಯುವುದು ದಸರೆಯ ಬೊಂಬೆ ಕೂರಿಸಿದ ಹಾಗೆ ಒಂದು ಪ್ರದರ್ಶನ.

ನಲವತ್ತೈವತ್ತು ಮಕ್ಕಳಿರುವ ಇಕ್ಕಟ್ಟಾದ ಕೋಣೆಯಲ್ಲಿ ಇದು ನಡೆಯುವುದು ಕಷ್ಟ. ಅಂಥ ಕಡೆ ಹಾಳೆಯನ್ನು ಗೋಡೆಗೆ ಹಚ್ಚದೆ ಡೆಸ್ಕಿನ ಮೇಲೆಯೇ ಬಿಟ್ಟು, ಸಾಲು ಸಾಲಾಗಿ ಸರಿದು ನೋಡುವ ಉಪಾಯವಿದೆ; ನಡಿಗೆ ಕಡಿಮೆ, ಗದ್ದಲವೂ ಕಡಿಮೆ.

ಬೀದರದ ಹುಡುಗಿಯ ಮಾತು ಉಳಿಯಿತು. ದೀಪಾವಳಿಯ ಮುಂದಿನ ವಾರ ಅವಳ ಹಾಳೆಯಲ್ಲಿ ಅವ್ವ ಮತ್ತೆ ಬಂದಳು, ಹೋಳಿಗಿಯೂ ಬಂತು. ಅದರ ಕೆಳಗಿನ ಚೀಟಿಯೊಂದನ್ನು, ಅವಳ ಅಪ್ಪಣೆ ಪಡೆದು, ನಾನು ಓದಿದೆ. ಅದೇ ಮೈಸೂರಿನ ಹುಡುಗನ ಕೈಬರಹ: "ನನಗೆ ಇನ್ನೂ ಬೇಕಾದದ್ದು: ಹೋಳಿಗಿಗೆ ನಿಮ್ಮವ್ವ ಒಳಗೆ ಏನು ತುಂಬುತ್ತಾರೆ?" ಹುಡುಗಿ ಆಗಲೇ ಅದರ ಹಿಂಬದಿಯಲ್ಲಿ ಕಡಲೆಬೇಳೆಯಿಂದ ಆರಂಭಿಸಿ ಉತ್ತರ ಬರೆಯತೊಡಗಿದ್ದಳು, ಚೀಟಿ ಸಾಲದೆ ಇನ್ನೊಂದನ್ನು ಕೇಳಿದಳು. ಚೀಟಿಗಳಿಗೆ ಈಗ ಹಳೆಯ ಕ್ಯಾಲೆಂಡರುಗಳ ಹಿಂಬದಿಯನ್ನು ಕತ್ತರಿಸಿ ಬಳಸುತ್ತಿದ್ದಾರೆ. ಮನೆಯಲ್ಲಿ ಉಳಿದಿದ್ದವರು ಭಾನುವಾರ ಹತ್ತು ಗಂಟೆಯೊಳಗೆ ತಂದುಕೊಡಬಹುದು.